ಕ್ರಾಸ್ ಮರಿಗೆ ಕಾಯಿಲೆ ಬರುವುದಿಲ್ಲವೇ? ಮನೆಯಲ್ಲಿ ಮಿಶ್ರತಳಿ ನಾಯಿಮರಿ ಹಾಕಿಸುವ ಮುನ್ನ ತಿಳಿಯಬೇಕಾದದ್ದು

ಬೆಂಗಳೂರು, ಮೈಸೂರಿನಂಥ ಊರುಗಳ ಪಶು ಚಿಕಿತ್ಸಾಲಯಗಳಲ್ಲಿ ಲ್ಯಾಬ್ರಡಾರ್, ಪಗ್, ಶಿಟ್ಸುಗಳ ಜೊತೆಗೆ ಗುಂಗುರು ಕೂದಲಿನ ಹೊಸ ಬಗೆಯ ನಾಯಿಗಳೂ ಈಗ ಕಾಣಸಿಗುತ್ತವೆ. ಲ್ಯಾಬ್ರಡಾರ್ ಮತ್ತು ಪೂಡಲ್ ಕೂಡಿ ಹುಟ್ಟಿದ್ದು ಲ್ಯಾಬ್ರಡೂಡಲ್. ಕಾಕರ್ ಸ್ಪೇನಿಯಲ್ ಮತ್ತು ಪೂಡಲ್ ಕೂಡಿ ಹುಟ್ಟಿದ್ದು ಕಾಕಪೂ. ಇವು ಬರುವುದಕ್ಕೂ ಮುಂಚಿನಿಂದಲೇ ನಮ್ಮ ಬಡಾವಣೆಗಳಲ್ಲಿ ಲ್ಯಾಬ್ರಡಾರ್-ಗೋಲ್ಡನ್ ರಿಟ್ರೀವರ್, ಲಾಸಾ-ಪೊಮೆರೇನಿಯನ್ ಮಿಶ್ರಣದ ಮರಿಗಳು ಹುಟ್ಟುತ್ತಲೇ ಇವೆ. ಗೊತ್ತಿರುವವರ ಮನೆಯಲ್ಲೊಂದು ಗಂಡು ನಾಯಿ, ನಮ್ಮ ಮನೆಯಲ್ಲೊಂದು ಹೆಣ್ಣು ನಾಯಿ, ಒಮ್ಮೆ ಮರಿ ಹಾಕಿಸೋಣ ಎಂಬ ಮಾತು ಫೋನಿನಲ್ಲೇ ಮುಗಿದುಹೋಗುತ್ತದೆ. ಮರಿ ಕೊಡುವವರೂ ಕೊಳ್ಳುವವರೂ ಒಂದು ಮಾತನ್ನು ಧೈರ್ಯಕ್ಕೆ ಹೇಳಿಕೊಳ್ಳುತ್ತಾರೆ: ‘ಇದು ಕ್ರಾಸ್, ಆದ್ದರಿಂದ ಕಾಯಿಲೆ ಬರುವುದಿಲ್ಲ.’

ಆ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದರ್ಧವನ್ನು ತಿಳಿಯದೆ ಹೋದರೆ ನಾಲ್ಕು ವರ್ಷದ ನಾಯಿ ಕತ್ತಲಾದೊಡನೆ ಗೋಡೆಗೆ ಢಿಕ್ಕಿ ಹೊಡೆಯುವುದನ್ನೋ, ಎರಡು ವರ್ಷದ ನಾಯಿ ಮೆಟ್ಟಿಲು ಹತ್ತಲಾರದೆ ನಿಲ್ಲುವುದನ್ನೋ ಮನೆಮಂದಿ ನೋಡಬೇಕಾಗುತ್ತದೆ. ಇಂಥ ಹಲವು ತೊಂದರೆಗಳನ್ನು ಗಂಡು ಹೆಣ್ಣು ಕೂಡುವ ಮೊದಲೇ, ತಂದೆ ತಾಯಿಯ ಪರೀಕ್ಷೆಯಿಂದ ತಪ್ಪಿಸಬಹುದು. ಮರಿ ಹುಟ್ಟಿದ ಮೇಲೆ ಆ ಅವಕಾಶ ಇರುವುದಿಲ್ಲ.

ಶುದ್ಧ ತಳಿ ಎಂದರೇನು, ಮಿಶ್ರತಳಿ ಎಂದರೇನು

ಲ್ಯಾಬ್ರಡಾರ್ ಎನ್ನುವುದು ಒಂದು ತಳಿ. ಹಾಗೆಂದರೆ, ಹಲವು ತಲೆಮಾರುಗಳಿಂದ ಲ್ಯಾಬ್ರಡಾರ್ ಅನ್ನು ಲ್ಯಾಬ್ರಡಾರ್ ಜೊತೆಗೇ ಕೂಡಿಸುತ್ತ, ವಂಶಾವಳಿಯನ್ನು ದಾಖಲಿಸುತ್ತ ಬಂದ ಮುಚ್ಚಿದ ಕುಟುಂಬ. ಬ್ರಿಟನ್ನಿನಲ್ಲಿ ಕೆನಲ್ ಕ್ಲಬ್ 1873ರಲ್ಲಿ ಆರಂಭವಾದ ಮೇಲೆ ಇಂಥ ದಾಖಲೆಗಳು ಗಟ್ಟಿಯಾದವು. ಮುಚ್ಚಿದ ಕುಟುಂಬದಿಂದ ಲಾಭವೂ ಇದೆ, ನಷ್ಟವೂ ಇದೆ. ಮರಿ ದೊಡ್ಡದಾದಾಗ ಎಷ್ಟು ಎತ್ತರ, ಎಂಥ ಕೂದಲು, ಎಂಥ ಸ್ವಭಾವ ಎಂಬುದನ್ನು ಬಹುಮಟ್ಟಿಗೆ ಊಹಿಸಬಹುದು. ಆದರೆ ಆರಂಭದ ಕೆಲವೇ ನಾಯಿಗಳಲ್ಲಿದ್ದ ದೋಷ ಇಡೀ ತಳಿಯಲ್ಲಿ ಹರಡಿರುತ್ತದೆ.

ಎರಡು ಬೇರೆ ತಳಿಗಳ ನಾಯಿಗಳಿಗೆ ಹುಟ್ಟಿದ ಮರಿ ಮಿಶ್ರತಳಿ. ನಮ್ಮ ಬೀದಿಯ ದೇಸಿ ನಾಯಿಯನ್ನೂ ಎಷ್ಟೋ ಜನ ‘ಮಿಶ್ರತಳಿ’ ಎನ್ನುತ್ತಾರೆ, ಅದು ಸರಿಯಲ್ಲ. ಅದು ತಳಿಗಳ ಬೆರಕೆಯಿಂದ ಹುಟ್ಟಿದ್ದಲ್ಲ, ತಳಿಗಳೆಂಬುವು ಹುಟ್ಟುವ ಮೊದಲಿನಿಂದ ಈ ನೆಲದಲ್ಲಿ ತನ್ನಷ್ಟಕ್ಕೆ ಬದುಕಿ ಉಳಿದುಬಂದ ನಾಯಿ. ದುರ್ಬಲವಾದದ್ದು ಅಲ್ಲಿ ಬಹಳ ದಿನ ಬದುಕುವುದಿಲ್ಲ. ಬೀದಿ ನಾಯಿಯ ಗಟ್ಟಿತನವನ್ನು ಕಂಡು ‘ಕ್ರಾಸ್ ಎಂದರೆ ಗಟ್ಟಿ’ ಎಂದು ತೀರ್ಮಾನಿಸುವುದರಲ್ಲಿ ಈ ಗೊಂದಲವೇ ಕೆಲಸ ಮಾಡುತ್ತಿರುತ್ತದೆ.

ಲ್ಯಾಬ್ರಡೂಡಲ್ ಹುಟ್ಟಿದ್ದು ಹೇಗೆ

1980ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ, ಅಂಧರಿಗೆ ದಾರಿ ತೋರುವ ನಾಯಿಗಳನ್ನು ತಯಾರು ಮಾಡುವ ಸಂಸ್ಥೆಯೊಂದರಲ್ಲಿ ವಾಲಿ ಕಾನ್ರನ್ ಎಂಬವರು ಕೆಲಸ ಮಾಡುತ್ತಿದ್ದರು. ಹವಾಯಿಯ ಒಬ್ಬ ಅಂಧ ಮಹಿಳೆಗೆ ನಾಯಿ ಬೇಕಾಗಿತ್ತು. ಆದರೆ ಅವರ ಗಂಡನಿಗೆ ನಾಯಿಯ ಕೂದಲಿನಿಂದ ಅಲರ್ಜಿ. ಪೂಡಲ್ ಹೆಚ್ಚು ಕೂದಲು ಉದುರಿಸುವುದಿಲ್ಲ, ಲ್ಯಾಬ್ರಡಾರ್ ಕಲಿಕೆಯಲ್ಲಿ ಮುಂದು. ಎರಡನ್ನೂ ಕೂಡಿಸಿದಾಗ ಮೂರು ಮರಿಗಳು ಹುಟ್ಟಿದವು. ಅವುಗಳ ಕೂದಲು ಮತ್ತು ಜೊಲ್ಲಿನ ಮಾದರಿಗಳನ್ನು ಹವಾಯಿಗೆ ಕಳಿಸಿ ನೋಡಿದರೆ ಆ ಮನುಷ್ಯನಿಗೆ ಒಗ್ಗಿದ್ದು ಒಂದೇ ಮರಿ. ಉಳಿದವನ್ನು ಸಾಕಲು, ಕಾಯುವ ಪಟ್ಟಿಯಲ್ಲಿದ್ದವರೂ ಮುಂದೆ ಬರಲಿಲ್ಲ, ಏಕೆಂದರೆ ಅವು ‘ಕ್ರಾಸ್’. ಲ್ಯಾಬ್ರಡೂಡಲ್ ಎಂಬ ಹೊಸ ಹೆಸರು ಕೊಟ್ಟೊಡನೆ ಬೇಡಿಕೆ ಎದ್ದಿತು. ಮುಂದೆ ಆ ಹೆಸರಿನಲ್ಲಿ ಪರೀಕ್ಷೆಯಿಲ್ಲದೆ ಮರಿ ಹುಟ್ಟಿಸುವವರು ಎಲ್ಲೆಡೆ ಹೆಚ್ಚಿದಾಗ ಕಾನ್ರನ್ ಅವರೇ ಬಹಿರಂಗವಾಗಿ ವಿಷಾದ ವ್ಯಕ್ತಪಡಿಸಿದರು.

ಈ ಕಥೆಯಲ್ಲಿ ಜನ ಮರೆಯುವ ಭಾಗ ಮಾದರಿ ಕಳಿಸಿ ಪರೀಕ್ಷಿಸಿದ್ದು. ಒಂದೇ ತಾಯಿಯ ಮೂರು ಮರಿಗಳಲ್ಲಿ ಎರಡು ಒಗ್ಗಲಿಲ್ಲ. ‘ಡೂಡಲ್ ಎಂದರೆ ಅಲರ್ಜಿ ಇಲ್ಲ’ ಎಂದು ಇಂದಿಗೂ ಮಾರುತ್ತಾರೆ. 2012ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಒಂದು ಅಧ್ಯಯನದಲ್ಲಿ, ಅಲರ್ಜಿ ತರುವುದಿಲ್ಲ ಎನ್ನಲಾಗುವ ನಾಯಿಗಳ ಕೂದಲಿನಲ್ಲೂ ಅಲರ್ಜಿಕಾರಕ ಪ್ರೋಟೀನು ಕಡಿಮೆಯೇನೂ ಕಂಡುಬರಲಿಲ್ಲ.

ಎರಡು ಕೀಲಿಕೈಗಳ ಲೆಕ್ಕ

ಕಾಯಿಲೆ ತಂದೆ ತಾಯಿಯಿಂದ ಮರಿಗೆ ಹೇಗೆ ಬರುತ್ತದೆ ಎಂಬುದು ಗೊತ್ತಾದರೆ ಮುಂದಿನದೆಲ್ಲ ಸುಲಭ. ದೇಹದ ಪ್ರತಿಯೊಂದು ಕೆಲಸಕ್ಕೂ ಸೂಚನೆ ಕೊಡುವುದು ವಂಶವಾಹಿ, ಅಂದರೆ ಜೀನ್. ಸಾಮಾನ್ಯವಾಗಿ ಪ್ರತಿ ವಂಶವಾಹಿಯ ಎರಡು ಪ್ರತಿಗಳಿರುತ್ತವೆ. ಒಂದು ತಂದೆಯಿಂದ ಬಂದದ್ದು, ಇನ್ನೊಂದು ತಾಯಿಯಿಂದ ಬಂದದ್ದು. ಮನೆಯ ಬೀಗಕ್ಕೆ ಎರಡು ಕೀಲಿಕೈಗಳಿವೆ ಎಂದುಕೊಳ್ಳಿ. ಒಂದು ಮುರಿದರೂ ಇನ್ನೊಂದರಿಂದ ಬಾಗಿಲು ತೆರೆಯುತ್ತದೆ, ಮನೆಯವರಿಗೆ ಯಾವ ತೊಂದರೆಯೂ ಗೊತ್ತಾಗುವುದಿಲ್ಲ. ಎರಡೂ ಮುರಿದವಾದರೆ ಬಾಗಿಲು ತೆರೆಯುವುದಿಲ್ಲ.

ನಾಯಿಗಳ ಅನೇಕ ಆನುವಂಶಿಕ ಕಾಯಿಲೆಗಳು ಹೀಗೆ, ಎರಡೂ ಪ್ರತಿಗಳು ಕೆಟ್ಟಾಗ ಮಾತ್ರ ತಲೆದೋರುತ್ತವೆ. ಇವನ್ನು ಅಪ್ರಬಲ ಕಾಯಿಲೆಗಳು ಎನ್ನುತ್ತಾರೆ. ಎರಡೂ ಪ್ರತಿ ಸರಿಯಿರುವ ನಾಯಿ ‘ಮುಕ್ತ’. ಒಂದು ಕೆಟ್ಟು ಒಂದು ಸರಿಯಿರುವ ನಾಯಿ ‘ವಾಹಕ’. ಅದಕ್ಕೆ ಕಾಯಿಲೆ ಇಲ್ಲ, ಆದರೆ ಕೆಟ್ಟ ಪ್ರತಿಯನ್ನು ತನ್ನ ಮರಿಗಳಲ್ಲಿ ಅರ್ಧದಷ್ಟಕ್ಕೆ ದಾಟಿಸಬಲ್ಲದು. ಎರಡೂ ಕೆಟ್ಟಿರುವ ನಾಯಿ ‘ಬಾಧಿತ’.

ವಾಹಕವೂ ಮುಕ್ತವೂ ಕೂಡಿದರೆ ಯಾವ ಮರಿಗೂ ಕಾಯಿಲೆ ಬರುವುದಿಲ್ಲ. ಪ್ರತಿ ಮರಿ ವಾಹಕವಾಗುವ ಸಾಧ್ಯತೆ ಅರ್ಧ. ವಾಹಕವೂ ವಾಹಕವೂ ಕೂಡಿದರೆ ಪ್ರತಿ ಮರಿ ಬಾಧಿತವಾಗುವ ಸಾಧ್ಯತೆ ನಾಲ್ಕರಲ್ಲೊಂದು. ಎಂಟು ಮರಿ ಹುಟ್ಟಿದರೆ ಲೆಕ್ಕ ಹಿಡಿದು ಎರಡೇ ಬಾಧಿತವಾಗುತ್ತವೆ ಎಂದಲ್ಲ. ಪ್ರತಿ ಮರಿಯದೂ ಬೇರೆ ಬೇರೆ ಲೆಕ್ಕ. ಒಂದು ಸೂಲಿನಲ್ಲಿ ಒಂದೂ ಇರದೆ ಹೋಗಬಹುದು, ಇನ್ನೊಂದರಲ್ಲಿ ನಾಲ್ಕು ಇರಬಹುದು.

ಮಿಶ್ರತಳಿಯ ಅರ್ಧ ನಿಜ ಇಲ್ಲಿದೆ. ಲ್ಯಾಬ್ರಡಾರ್ ಕುಟುಂಬದಲ್ಲಿ ಮುರಿದಿರುವ ಕೀಲಿಕೈ ಪೂಡಲ್ ಕುಟುಂಬದಲ್ಲಿ ಸಾಮಾನ್ಯವಾಗಿ ಸರಿಯಿದ್ದರೆ, ಮರಿಗೆ ಕನಿಷ್ಠ ಒಂದು ಒಳ್ಳೆಯ ಪ್ರತಿ ಸಿಗುತ್ತದೆ. ಉದಾಹರಣೆಗೆ, ಹುರುಪಿನಿಂದ ಓಡಿದ ಮೇಲೆ ಹಿಂಗಾಲು ಕುಸಿದು ಬೀಳುವ ಕಾಯಿಲೆಯೊಂದು ಲ್ಯಾಬ್ರಡಾರ್‌ಗಳಲ್ಲಿ ಇದೆ. ಅದರ ವಂಶವಾಹಿಯನ್ನು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಸಂಶೋಧಕರ ತಂಡ 2008ರಲ್ಲಿ ಗುರುತಿಸಿತು. ಪೂಡಲ್ ಕಡೆಯಿಂದ ಸರಿಯಾದ ಪ್ರತಿ ಬಂದರೆ ಲ್ಯಾಬ್ರಡೂಡಲ್ ಮರಿ ಹಾಗೆ ಕುಸಿಯುವುದಿಲ್ಲ.

ಬೆರಕೆ ಎಲ್ಲಿ ಕೈಕೊಡುತ್ತದೆ

ಎರಡೂ ತಳಿಗಳಲ್ಲಿ ಒಂದೇ ದೋಷವಿದ್ದಾಗ ಈ ರಕ್ಷಣೆ ಉಳಿಯುವುದಿಲ್ಲ. ಲ್ಯಾಬ್ರಡೂಡಲ್ ಮತ್ತು ಕಾಕಪೂಗಳ ವಿಷಯದಲ್ಲಿ ಇದು ಊಹೆಯ ಮಾತಲ್ಲ. ಕಣ್ಣಿನ ಹಿಂಭಾಗದ ಅಕ್ಷಿಪಟ ಮೆಲ್ಲಗೆ ಸವೆದು ಕುರುಡಾಗುವ ಕಾಯಿಲೆಯೊಂದಿದೆ. ಪಶುವೈದ್ಯರು ಅದನ್ನು ಪಿಆರ್‌ಎ ಎನ್ನುತ್ತಾರೆ. ಅದರ ಒಂದು ಬಗೆ, ಪಿಆರ್‌ಸಿಡಿ, ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಕಾಕರ್ ಸ್ಪೇನಿಯಲ್, ಚಿಕ್ಕ ಗಾತ್ರದ ಪೂಡಲ್ ಇವೆಲ್ಲದರಲ್ಲೂ ಇದೆ, ಎಲ್ಲದರಲ್ಲೂ ಅದೇ ವಂಶವಾಹಿಯ ಅದೇ ದೋಷ. ಆ ದೋಷವನ್ನು ವಿಜ್ಞಾನಿಗಳು 2006ರಲ್ಲಿ ಗುರುತಿಸಿದರು. ಹೀಗಿರುವಾಗ ವಾಹಕ ಲ್ಯಾಬ್ರಡಾರ್ ಮತ್ತು ವಾಹಕ ಪೂಡಲ್ ಕೂಡಿದರೆ, ತಳಿ ಬೇರೆಯಾದ ಮಾತ್ರಕ್ಕೆ ಮರಿಗೆ ಯಾವ ರಕ್ಷಣೆಯೂ ಸಿಗುವುದಿಲ್ಲ. ಬಾಧಿತ ನಾಯಿಗೆ ಮೂರರಿಂದ ಐದು ವರ್ಷದ ಹೊತ್ತಿಗೆ ಮಬ್ಬು ಬೆಳಕಿನಲ್ಲಿ ಕಾಣುವುದು ಕಷ್ಟವಾಗತೊಡಗುತ್ತದೆ. ಅಷ್ಟರಲ್ಲಿ ಅದು ತಾನೇ ಎರಡು ಸೂಲು ಮರಿ ಹಾಕಿರಬಹುದು. ಕಣ್ಣಿಗೆ ಆರೋಗ್ಯವಾಗಿ ಕಾಣುವ ನಾಯಿಯನ್ನೂ ಪರೀಕ್ಷಿಸಬೇಕು ಎನ್ನುವುದು ಇದಕ್ಕೇ.

ಎರಡನೆಯ ಅಪಾಯ ಮೊಮ್ಮಕ್ಕಳ ತಲೆಮಾರಿನದು. ಮುಕ್ತ ಲ್ಯಾಬ್ರಡಾರ್ ಮತ್ತು ವಾಹಕ ಪೂಡಲ್‌ನ ಮರಿಗಳಲ್ಲಿ ಯಾವುದಕ್ಕೂ ಕಾಯಿಲೆ ಇರುವುದಿಲ್ಲ. ಸುಮಾರು ಅರ್ಧ ಮರಿಗಳು ವಾಹಕ. ‘ನೋಡಿ, ಕ್ರಾಸ್ ಎಷ್ಟು ಆರೋಗ್ಯ’ ಎಂದು ನಂಬಿ ಅಂಥ ಎರಡು ಲ್ಯಾಬ್ರಡೂಡಲ್‌ಗಳನ್ನೇ ಕೂಡಿಸಿದರೆ, ಎರಡೂ ವಾಹಕವಾಗಿದ್ದ ಪಕ್ಷದಲ್ಲಿ ಕಾಯಿಲೆ ಮರಳಿ ಬರುತ್ತದೆ. ಬೆರಕೆಯ ಲಾಭ ಮೊದಲ ತಲೆಮಾರಿನಲ್ಲಿ ಹೆಚ್ಚು, ಮುಂದಿನದರಲ್ಲಿ ಕಡಿಮೆ.

ಮೂರನೆಯದಾಗಿ, ಒಂದೇ ಕೆಟ್ಟ ಪ್ರತಿ ಸಾಕಾಗುವ ತೊಂದರೆಗಳೂ ಇವೆ. ಡ್ಯಾಶಂಡ್, ಬೀಗಲ್, ಕಾಕರ್ ಸ್ಪೇನಿಯಲ್‌ಗಳಲ್ಲಿ ಬೆನ್ನುಮೂಳೆಯ ನಡುವಿನ ಮೆತ್ತೆ ಬೇಗ ಗಡಸಾಗಿ ಜಾರಲು ಕಾರಣವಾಗುವ ವಂಶವಾಹಿಯ ಒಂದು ರೂಪವಿದೆ. ಇದರ ಒಂದೇ ಪ್ರತಿ ಬಂದರೂ ಅಪಾಯ ಹೆಚ್ಚುತ್ತದೆ. ಆದ್ದರಿಂದ ಡ್ಯಾಶಂಡ್ ಅನ್ನು ಬೇರಾವ ತಳಿಯೊಂದಿಗೆ ಕೂಡಿಸಿದರೂ ಬೆನ್ನಿನ ಚಿಂತೆ ಮರಿಯ ಜೊತೆಗೇ ಬರುತ್ತದೆ. ಮೈಮೇಲೆ ಬೂದು-ಕಪ್ಪು ಮಚ್ಚೆ ಚೆಲ್ಲಿದಂತಿರುವ ‘ಮರ್ಲ್’ ಬಣ್ಣದ್ದು ಇನ್ನೊಂದು ಉದಾಹರಣೆ. ಆ ಬಣ್ಣದ ಎರಡು ನಾಯಿಗಳನ್ನು ಕೂಡಿಸಿದರೆ ಕಿವುಡು, ಕುರುಡು ಮರಿಗಳು ಹುಟ್ಟಬಹುದು. ಎಷ್ಟೇ ಚೆಂದ ಕಂಡರೂ ಆ ಜೋಡಿ ಮಾಡಲೇಬಾರದು.

ಕೊನೆಯದು ಕೀಲುಗಳ ತೊಂದರೆ. ಸೊಂಟದ ಕೀಲು ಸರಿಯಾಗಿ ಕೂರದೆ ಸವೆಯುವ ಹಿಪ್ ಡಿಸ್‌ಪ್ಲೇಸಿಯಾಕ್ಕೆ ಒಂದಲ್ಲ, ಅನೇಕ ವಂಶವಾಹಿಗಳು ಸೇರಿ ಕಾರಣ. ಮರಿಯಿದ್ದಾಗಿನ ತೂಕ, ಆಹಾರ, ಓಡಾಟವೂ ಸೇರುತ್ತವೆ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ದೊಡ್ಡ ಪೂಡಲ್ ಮೂರರಲ್ಲೂ ಇದು ಇದೆ. ಎರಡೂ ಕಡೆಯ ಕೀಲು ಸಡಿಲವಿದ್ದರೆ ಬೆರಕೆಯಿಂದ ಬಿಗಿಯಾಗುವುದಿಲ್ಲ.

ಅಧ್ಯಯನಗಳು ಏನು ಕಂಡಿವೆ

ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಪಶು ಆಸ್ಪತ್ರೆಯ ದಾಖಲೆಗಳಲ್ಲಿ ಆನುವಂಶಿಕ ತೊಂದರೆಯಿದ್ದ 27,254 ನಾಯಿಗಳನ್ನು ಪರಿಶೀಲಿಸಿದ ಅಧ್ಯಯನ 2013ರಲ್ಲಿ ಹೊರಬಂತು. ನೋಡಿದ 24 ತೊಂದರೆಗಳಲ್ಲಿ 10 ಶುದ್ಧ ತಳಿಗಳಲ್ಲಿ ಹೆಚ್ಚಾಗಿದ್ದವು, ಒಂದು ಮಿಶ್ರತಳಿಗಳಲ್ಲಿ ಹೆಚ್ಚಾಗಿತ್ತು, ಉಳಿದ 13ರಲ್ಲಿ ವ್ಯತ್ಯಾಸವೇ ಇರಲಿಲ್ಲ. ಹಿಪ್ ಡಿಸ್‌ಪ್ಲೇಸಿಯಾ ಆ ಹದಿಮೂರರಲ್ಲಿ ಒಂದು. 2018ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ನೋಡಿದ ಮತ್ತೊಂದು ಅಧ್ಯಯನದಲ್ಲಿ, ಸುಮಾರು ಐದರಲ್ಲಿ ಎರಡು ನಾಯಿಗಳು ಯಾವುದಾದರೂ ಒಂದು ಕಾಯಿಲೆಯ ಕೆಟ್ಟ ಪ್ರತಿಯನ್ನು ಹೊತ್ತಿದ್ದವು. ಕಾಯಿಲೆಗೆ ಗುರಿಯಾಗುವ ಸಾಧ್ಯತೆ ಶುದ್ಧ ತಳಿಗಳಲ್ಲಿ ಹೆಚ್ಚು, ವಾಹಕವಾಗಿರುವ ಸಾಧ್ಯತೆ ಮಿಶ್ರತಳಿಗಳಲ್ಲಿ ಹೆಚ್ಚು. ಮೇಲಿನ ಕೀಲಿಕೈ ಲೆಕ್ಕ ಹೇಳುವುದೂ ಇದನ್ನೇ.

ನಮ್ಮ ಪ್ರಶ್ನೆಗೆ ತೀರ ಹತ್ತಿರವಾದದ್ದು 2024ರಲ್ಲಿ ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನವರು ಪ್ರಕಟಿಸಿದ ಅಧ್ಯಯನ. ಲ್ಯಾಬ್ರಡೂಡಲ್, ಕಾಕಪೂ, ಕವಪೂ (ಕವಲಿಯರ್ ಸ್ಪೇನಿಯಲ್ ಮತ್ತು ಪೂಡಲ್ ಕೂಡಿ ಹುಟ್ಟಿದ್ದು) ಎಂಬ ಮೂರು ಮಿಶ್ರತಳಿಗಳನ್ನು ಅವುಗಳ ಮೂಲ ತಳಿಗಳ ಜೊತೆ, ಸಾಮಾನ್ಯವಾಗಿ ಕಾಣುವ 57 ತೊಂದರೆಗಳ ವಿಷಯದಲ್ಲಿ ಹೋಲಿಸಿದರು. ನೂರಕ್ಕೆ 86.6ರಷ್ಟು ಹೋಲಿಕೆಗಳಲ್ಲಿ ಯಾವ ವ್ಯತ್ಯಾಸವೂ ಸಿಗಲಿಲ್ಲ. ಅಂದರೆ ಈ ಮರಿಗಳು ಒಟ್ಟಾರೆ ತಮ್ಮ ತಂದೆ ತಾಯಿಯ ತಳಿಗಳಷ್ಟೇ ಆರೋಗ್ಯವಂತ, ಅಷ್ಟೇ ಕಾಯಿಲೆವಂತ. ತಂದೆ ತಾಯಿ ಯಾರು, ಅವುಗಳನ್ನು ಪರೀಕ್ಷಿಸಿದ್ದಾರೆಯೇ ಎಂಬ ಪ್ರಶ್ನೆಯನ್ನು ಬಿಟ್ಟು ‘ಕ್ರಾಸ್’ ಎಂಬ ಒಂದೇ ಮಾತನ್ನು ನೆಚ್ಚಿಕೊಳ್ಳಲು ಇಲ್ಲಿ ಆಧಾರ ಸಿಗುವುದಿಲ್ಲ.

ಪರೀಕ್ಷೆ ಎಂದರೆ ಯಾವ ಪರೀಕ್ಷೆ

‘ವೈದ್ಯರಿಗೆ ತೋರಿಸಿದ್ದೇವೆ, ಎಲ್ಲ ಸರಿಯಿದೆ’ ಎನ್ನುವುದು ಸಾಮಾನ್ಯ ತಪಾಸಣೆಯ ಮಾತು. ಜ್ವರ, ಹೃದಯದ ಬಡಿತ, ಹಲ್ಲು, ಚರ್ಮ ಇವನ್ನು ಅಂದು ನೋಡಿ ಹೇಳಿದ ಮಾತು ಅದು. ವಂಶಪಾರಂಪರ್ಯದ ದೋಷ ಅದರಲ್ಲಿ ತಿಳಿಯುವುದಿಲ್ಲ.

ಎರಡನೆಯ ಹಂತದ್ದು ದೇಹದ ಭಾಗಗಳ ವಿಶೇಷ ಪರೀಕ್ಷೆ. ದೊಡ್ಡ ನಾಯಿಗಳಿಗೆ ಸೊಂಟ ಮತ್ತು ಮುಂಗಾಲಿನ ಮೊಣಕೈ ಕೀಲುಗಳ ಎಕ್ಸ್-ರೇ ತೆಗೆಯುತ್ತಾರೆ. ಕಾಲುಗಳನ್ನು ನಿರ್ದಿಷ್ಟ ಭಂಗಿಯಲ್ಲಿ ಎಳೆದು ಹಿಡಿಯಬೇಕಾದ್ದರಿಂದ ನಾಯಿಗೆ ಮತ್ತಿನ ಚುಚ್ಚುಮದ್ದು ಬೇಕಾಗುತ್ತದೆ. ಬ್ರಿಟನ್ನಿನ ಪದ್ಧತಿಯಲ್ಲಿ ಒಂದು ವರ್ಷ ತುಂಬಿದ ಮೇಲೆ ಎಕ್ಸ್-ರೇ ತೆಗೆದು ಪ್ರತಿ ಸೊಂಟಕ್ಕೆ 0ಯಿಂದ 53ರವರೆಗೆ ಅಂಕ ಕೊಡುತ್ತಾರೆ. ಎರಡೂ ಸೇರಿ 106. ಇಲ್ಲಿ ಅಂಕ ಕಡಿಮೆಯಿದ್ದಷ್ಟೂ ಒಳ್ಳೆಯದು. ಅಮೆರಿಕದ ಒಎಫ್‌ಎ ಎಂಬ ಸಂಸ್ಥೆಯ ಪದ್ಧತಿಯಲ್ಲಿ ಎರಡು ವರ್ಷ ತುಂಬುವವರೆಗೆ ಅಂತಿಮ ದರ್ಜೆ ಕೊಡುವುದಿಲ್ಲ. ಆರೆಂಟು ತಿಂಗಳ ನಾಯಿ ಕುಣಿದು ಕುಪ್ಪಳಿಸುವುದನ್ನು ಕಂಡು ಸೊಂಟ ಗಟ್ಟಿಯಿದೆ ಎನ್ನುವುದು ಏಕೆ ಸಲ್ಲದು ಎಂಬುದು ಇದರಿಂದ ತಿಳಿಯುತ್ತದೆ. ಲಾಸಾ, ಪೊಮೆರೇನಿಯನ್, ಪುಟ್ಟ ಪೂಡಲ್‌ಗಳಂಥ ಚಿಕ್ಕ ನಾಯಿಗಳಲ್ಲಿ ಹಿಂಗಾಲಿನ ಮಂಡಿಚಿಪ್ಪು ಜಾರುತ್ತದೆಯೇ ಎಂದು ವೈದ್ಯರು ಕೈಯಿಂದ ಒತ್ತಿ ನೋಡುತ್ತಾರೆ. ಕವಲಿಯರ್ ತಳಿಯ ಬೆರಕೆಯಾದರೆ ಹೃದಯದ ಕವಾಟದ ಪರೀಕ್ಷೆ ತಪ್ಪಿಸುವಂತಿಲ್ಲ. ಕಣ್ಣನ್ನು ಪಾಪೆ ಅಗಲವಾಗುವ ಹನಿ ಹಾಕಿ ಒಳಗೆ ನೋಡಬೇಕು.

ಮೂರನೆಯದು ಡಿಎನ್‌ಎ ಪರೀಕ್ಷೆ. ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಉಜ್ಜಿ ಅಥವಾ ಸ್ವಲ್ಪ ರಕ್ತ ತೆಗೆದು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಜೀವನದಲ್ಲಿ ಒಮ್ಮೆ ಮಾಡಿದರೆ ಸಾಕು, ಡಿಎನ್‌ಎ ಬದಲಾಗುವುದಿಲ್ಲ. ಇಲ್ಲಿ ಎರಡು ಬಗೆಯ ವರದಿಗಳಿವೆ. ನಾಯಿಯಲ್ಲಿ ಯಾವ ತಳಿ ಎಷ್ಟು ಪಾಲು ಎಂದು ಹೇಳುವುದು ಒಂದು. ಯಾವ ಕಾಯಿಲೆಗೆ ಮುಕ್ತ, ವಾಹಕ ಅಥವಾ ಬಾಧಿತ ಎಂದು ಹೇಳುವುದು ಇನ್ನೊಂದು. ಮರಿ ಹಾಕಿಸುವವರಿಗೆ ಬೇಕಾದದ್ದು ಎರಡನೆಯದು. ಮೊದಲನೆಯದನ್ನು ತೋರಿಸಿ ‘ಡಿಎನ್‌ಎ ಮಾಡಿಸಿದ್ದೇವೆ’ ಎಂದರೆ ಅದು ಆರೋಗ್ಯದ ವರದಿಯಾಗುವುದಿಲ್ಲ.

ಬೆರಕೆಗೆ ಯಾವ ಪರೀಕ್ಷೆಗಳು ಎಂದು ಗೊತ್ತುಮಾಡಿಕೊಳ್ಳಲು ಎರಡೂ ತಳಿಗಳ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳಬೇಕು. ಲ್ಯಾಬ್ರಡಾರ್ ಕಡೆಯಿಂದ ಸೊಂಟ, ಮೊಣಕೈ, ಕಣ್ಣು, ಓಡಿದಾಗ ಕುಸಿಯುವ ದೋಷ, ಪಿಆರ್‌ಸಿಡಿ. ಪೂಡಲ್ ಕಡೆಯಿಂದ ಪಿಆರ್‌ಸಿಡಿ, ರಕ್ತ ಹೆಪ್ಪುಗಟ್ಟದ ವಾನ್ ವಿಲ್ಲೆಬ್ರ್ಯಾಂಡ್ ದೋಷ, ಚಿಕ್ಕದಾದರೆ ಮಂಡಿಚಿಪ್ಪು, ದೊಡ್ಡದಾದರೆ ಸೊಂಟ. ಎರಡೂ ಪಟ್ಟಿಗಳಲ್ಲಿರುವ ಹೆಸರಿನ ಮೇಲೆ ಮೊದಲು ಬೆರಳಿಡಿ. ಹಣ ಎಷ್ಟೇ ಕಡಿಮೆಯಿದ್ದರೂ ಅದನ್ನು ಬಿಡುವಂತಿಲ್ಲ.

ವರದಿ ಬಂದ ಮೇಲೆ

‘ವಾಹಕ’ ಎಂಬ ಪದವನ್ನು ನೋಡಿ ಎಷ್ಟೋ ಜನ ಗಾಬರಿಯಾಗುತ್ತಾರೆ. ಗಾಬರಿಗೆ ಕಾರಣವಿಲ್ಲ. ಒಳ್ಳೆಯ ಸ್ವಭಾವದ, ಗಟ್ಟಿ ಸೊಂಟದ ನಾಯಿಯೊಂದು ಒಂದು ಕಾಯಿಲೆಗೆ ವಾಹಕವಾಗಿದ್ದರೆ ಅದೇ ಕಾಯಿಲೆಗೆ ಮುಕ್ತವಾದ ಜೊತೆಯನ್ನು ಹುಡುಕಬಹುದು. ವಾಹಕಗಳನ್ನೆಲ್ಲ ದೂರ ಮಾಡುತ್ತ ಹೋದರೆ ಉಳಿಯುವ ನಾಯಿಗಳ ಸಂಖ್ಯೆ ಕುಗ್ಗಿ ಬೇರೆ ದೋಷಗಳು ಹೆಚ್ಚುತ್ತವೆ. ಮರಿಗಳಲ್ಲಿ ಯಾವುದು ವಾಹಕ ಎಂಬುದನ್ನು ಮಾತ್ರ ಕೊಳ್ಳುವವರಿಗೆ ತಿಳಿಸಬೇಕು. ತಂದೆ ತಾಯಿ ಎರಡೂ ಮುಕ್ತವಾಗಿದ್ದರೆ ಆ ಕಾಯಿಲೆಗೆ ಮರಿಗಳನ್ನು ಪರೀಕ್ಷಿಸಬೇಕಿಲ್ಲ.

ಎಲ್ಲ ಸಾಲುಗಳಲ್ಲೂ ‘ಮುಕ್ತ’ ಎಂದು ಬಂದರೂ ಅದು ಪೂರ್ಣ ಭರವಸೆಯಲ್ಲ. ಪ್ರಯೋಗಾಲಯ ಹುಡುಕುವುದು ಈಗಾಗಲೇ ಗುರುತಿಸಿರುವ ದೋಷಗಳನ್ನು ಮಾತ್ರ. ಫಿಟ್ಸ್, ಚರ್ಮದ ಅಲರ್ಜಿ, ಅನೇಕ ಕ್ಯಾನ್ಸರ್‌ಗಳಿಗೆ ನಂಬಬಹುದಾದ ಡಿಎನ್‌ಎ ಪರೀಕ್ಷೆಯಿಲ್ಲ. ಆದ್ದರಿಂದ ಅಜ್ಜ ಅಜ್ಜಿ, ಒಡಹುಟ್ಟಿದವುಗಳ ಬಗ್ಗೆ ಕೇಳಬೇಕು: ಎಷ್ಟು ವರ್ಷ ಬದುಕಿದವು, ಏನಾಗಿ ಸತ್ತವು, ವರ್ಷವಿಡೀ ಮೈ ಕೆರೆದುಕೊಳ್ಳುವುದಿತ್ತೇ. ಸ್ವಭಾವವನ್ನೂ ನೋಡಬೇಕು. ಅಪರಿಚಿತರಿಗೆ ಹೆದರಿ ಮೂಲೆ ಸೇರುವ ಅಥವಾ ಕಚ್ಚಲು ಹೋಗುವ ತಾಯಿಯ ಮರಿಗಳಲ್ಲಿ ಆ ಗುಣ ಉಳಿಯುವ ಸಾಧ್ಯತೆ ಹೆಚ್ಚು.

ಕಾನೂನು ಏನು ಹೇಳುತ್ತದೆ

ಪ್ರಾಣಿಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ಕೇಂದ್ರ ಸರ್ಕಾರ 2017ರಲ್ಲಿ ನಾಯಿಗಳ ಸಂತಾನಾಭಿವೃದ್ಧಿ ಮತ್ತು ಮಾರಾಟಕ್ಕೆ ನಿಯಮಗಳನ್ನು ತಂದಿತು. ಮಾರಾಟಕ್ಕಾಗಿ ಮರಿ ಹಾಕಿಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ನಾಯಿಗೆ 18 ತಿಂಗಳು ತುಂಬುವ ಮೊದಲು ಕೂಡಿಸುವಂತಿಲ್ಲ, ಎಂಟು ವರ್ಷ ದಾಟಿದ ಹೆಣ್ಣು ನಾಯಿಯಿಂದ ಮರಿ ಪಡೆಯುವಂತಿಲ್ಲ, ಅದರ ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸೂಲು ಕೂಡದು. ಕೂಡಿಸುವ ಮೊದಲು ಪಶುವೈದ್ಯರ ಪ್ರಮಾಣಪತ್ರ ಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ.

2024ರ ಮಾರ್ಚ್‌ನಲ್ಲಿ ಕೇಂದ್ರವು ರಾಟ್‌ವೀಲರ್, ಪಿಟ್‌ಬುಲ್ ಸೇರಿ 23 ತಳಿಗಳಿಗೂ ಅವುಗಳ ಬೆರಕೆಗಳಿಗೂ ಪರವಾನಗಿ ಕೊಡಬಾರದೆಂದು ಸುತ್ತೋಲೆ ಹೊರಡಿಸಿತ್ತು. ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದುಮಾಡಿತು. ಇಂಥ ತಳಿಗಳ ಬೆರಕೆ ಮಾಡಿಸುವವರು ನಿಯಮ ಮತ್ತೆ ಬದಲಾಗಿದೆಯೇ ಎಂದು ಸ್ಥಳೀಯ ಸಂಸ್ಥೆಯಲ್ಲಿ ವಿಚಾರಿಸಿಕೊಳ್ಳುವುದು ಒಳಿತು.

ಮುಧೋಳ ನಾಯಿಯ ಬಗ್ಗೆ ಒಂದು ಮಾತು. ಈ ನೆಲದ ತಳಿಯನ್ನು ಉಳಿಸಲೆಂದೇ ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಇರುವುದೇ ಸೀಮಿತ ಸಂಖ್ಯೆಯ ನಾಯಿಗಳು. ಒಳ್ಳೆಯ ಮುಧೋಳ ಹೆಣ್ಣು ನಾಯಿಯನ್ನು ಬೇರೆ ತಳಿಯೊಂದಿಗೆ ಬೆರಸಿದರೆ ಆ ಸೂಲು ತಳಿಗೆ ನಷ್ಟವೇ. ಅದನ್ನು ಬೆರಕೆಗೆ ಬಳಸದಿರಿ ಎಂದು ನಾನು ಕೇಳಿಕೊಳ್ಳುತ್ತೇನೆ.

ಬೆದೆಯಿಂದ ಹೆರಿಗೆಯವರೆಗೆ

ಹೆಣ್ಣು ನಾಯಿ ಸಾಮಾನ್ಯವಾಗಿ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ, ಬೆದೆ ಸುಮಾರು ಮೂರು ವಾರ ಇರುತ್ತದೆ. ಮೊದಲ ಬೆದೆಯಲ್ಲೇ ಕೂಡಿಸುವುದು ಬೇಡ, ಅದರ ಮೈ ಇನ್ನೂ ಬೆಳೆಯುತ್ತಿರುತ್ತದೆ. ಗಂಡು ನಾಯಿ ಹೆಣ್ಣಿಗಿಂತ ಬಹಳ ದೊಡ್ಡದಾಗಿರಬಾರದು. ಪುಟ್ಟ ತಾಯಿಯ ಹೊಟ್ಟೆಯಲ್ಲಿ ದೊಡ್ಡ ತಲೆಯ ಮರಿ ಬೆಳೆದರೆ ಶಸ್ತ್ರಚಿಕಿತ್ಸೆಯೇ ಗತಿ. ಲ್ಯಾಬ್ರಡಾರ್-ಪೂಡಲ್ ಜೋಡಿಯಲ್ಲಿ ತಾಯಿ ಲ್ಯಾಬ್ರಡಾರ್ ಆಗಿರುವುದು ಇದರಿಂದಲೇ ಕ್ಷೇಮ. ಕೂಡಿಸುವ ಮೊದಲು ಎರಡಕ್ಕೂ ಬ್ರುಸೆಲ್ಲಾ ಪರೀಕ್ಷೆ ಆಗಬೇಕು. ಗರ್ಭಪಾತ ತರುವ ಆ ಸೋಂಕು ಮನುಷ್ಯರಿಗೂ ಹರಡಬಲ್ಲದು. ನಮ್ಮಲ್ಲಿ ರಕ್ತ ಹೀರುವ ಉಣ್ಣೆ ಹುಳು ಕಚ್ಚಿ ಬರುವ ಜ್ವರ ಸಾಮಾನ್ಯವಾದ್ದರಿಂದ ರಕ್ತಪರೀಕ್ಷೆಯನ್ನೂ ಮಾಡಿಸಬೇಕು. ರಕ್ತದ ಪ್ಲೇಟ್‌ಲೆಟ್ ಕುಸಿದಿರುವ ತಾಯಿಗೆ ಹೆರಿಗೆ ಅಪಾಯಕಾರಿ.

ಗರ್ಭದ ಅವಧಿ ಸುಮಾರು 63 ದಿನ. ನಾಲ್ಕನೆಯ ವಾರದ ಹೊತ್ತಿಗೆ ಅಲ್ಟ್ರಾಸೌಂಡ್‌ನಲ್ಲಿ ಗರ್ಭ ಖಚಿತವಾಗುತ್ತದೆ. 55ನೇ ದಿನದ ನಂತರದ ಎಕ್ಸ್-ರೇಯಲ್ಲಿ ಮರಿಗಳ ಸಂಖ್ಯೆ ಎಣಿಸಬಹುದು. ಎಷ್ಟು ಮರಿ ಎಂದು ಗೊತ್ತಿದ್ದರೆ ಹೆರಿಗೆ ಮುಗಿಯಿತೇ, ಒಳಗೊಂದು ಉಳಿದಿದೆಯೇ ಎಂಬ ಅನುಮಾನವಿರುವುದಿಲ್ಲ. ಕ್ಯಾಲ್ಸಿಯಂ ಔಷಧಿಯನ್ನು ಗರ್ಭದ ಸಮಯದಲ್ಲಿ ತಾವಾಗಿಯೇ ಕೊಡಬಾರದು. ಹಾಗೆ ಕೊಟ್ಟರೆ ದೇಹ ತನ್ನ ಮೂಳೆಯಿಂದ ಕ್ಯಾಲ್ಸಿಯಂ ತೆಗೆದುಕೊಳ್ಳುವುದನ್ನು ನಿಧಾನಿಸುತ್ತದೆ, ಹಾಲೂಡಿಸುವಾಗ ಕೊರತೆಯಾಗಿ ತಾಯಿ ನಡುಗಿ, ಏದುಸಿರು ಬಿಟ್ಟು, ಫಿಟ್ಸ್ ಬರಬಹುದು. ಪುಟ್ಟ ನಾಯಿಗಳಲ್ಲಿ ಇದು ಹೆಚ್ಚು.

ತಾಯಿಯ ಮೈಬಿಸಿ 99 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದರೆ ಸಾಮಾನ್ಯವಾಗಿ ಒಂದು ದಿನದೊಳಗೆ ಹೆರಿಗೆ. ಬಲವಾಗಿ ಅರ್ಧ ಗಂಟೆ ತಿಣುಕಿದರೂ ಮರಿ ಬರದಿದ್ದರೆ, ಒಂದು ಮರಿ ಬಂದು ಎರಡು ಗಂಟೆ ಕಳೆದರೂ ಮುಂದಿನದು ಬರದಿದ್ದರೆ, ಮೊದಲ ಮರಿಗೂ ಮುನ್ನ ಹಸಿರು ದ್ರವ ಹರಿದರೆ, ಬೆಳಗಾಗಲೆಂದು ಕಾಯಬೇಡಿ. ರಾತ್ರಿ ತೆರೆದಿರುವ ಪಶು ಆಸ್ಪತ್ರೆ ಎಲ್ಲಿದೆ ಎಂಬುದು ಮುಂಚೆಯೇ ಗೊತ್ತಿರಬೇಕು.

ಮೊದಲ ಎಂಟು ವಾರ

ಹುಟ್ಟಿದ ಮರಿಗೆ ತನ್ನ ಮೈಯನ್ನು ಬೆಚ್ಚಗಿಟ್ಟುಕೊಳ್ಳಲು ಬರುವುದಿಲ್ಲ. ಮೊದಲ ವಾರ ಅದು ಮಲಗುವ ಜಾಗ ಸುಮಾರು 30 ಡಿಗ್ರಿ ಸೆಲ್ಸಿಯಸ್ ಇರಬೇಕು. ಮಡಿಕೇರಿ, ಚಿಕ್ಕಮಗಳೂರಿನ ಮಳೆಗಾಲದಲ್ಲಿ ದೀಪವಿಲ್ಲದೆ ಅದು ಆಗದು. ಅಡುಗೆಮನೆಯ ತಕ್ಕಡಿಯಲ್ಲಿ ದಿನವೂ ತೂಕ ನೋಡಿ ಬರೆದಿಡಿ. ಹತ್ತು ದಿನದೊಳಗೆ ಹುಟ್ಟಿದ ತೂಕದ ಎರಡರಷ್ಟಾಗಬೇಕು. ಒಂದು ದಿನ ತೂಕ ಏರದ ಮರಿಯೇ ಮೊದಲು ಕಾಯಿಲೆ ಬೀಳುವ ಮರಿ.

ಜಂತುಹುಳುವಿನ ಔಷಧಿ ಎರಡನೆಯ ವಾರದಿಂದ ಎರಡು ವಾರಕ್ಕೊಮ್ಮೆ. ಮೊದಲ ಲಸಿಕೆ ಆರರಿಂದ ಎಂಟು ವಾರಕ್ಕೆ, ಬಳಿಕ ಹದಿನಾರು ವಾರದವರೆಗೆ ಎರಡರಿಂದ ನಾಲ್ಕು ವಾರಗಳ ಅಂತರದಲ್ಲಿ. ಇಷ್ಟು ಸಲ ಏಕೆ ಎಂದರೆ, ತಾಯಿಯ ಗಿಣ್ಣುಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವವರೆಗೆ ಲಸಿಕೆಯನ್ನು ಕೆಲಸ ಮಾಡಗೊಡುವುದಿಲ್ಲ, ಅದು ಯಾವ ವಾರ ಇಳಿಯುತ್ತದೆಂಬುದು ಮರಿಯಿಂದ ಮರಿಗೆ ಬೇರೆ. ಮರಿಗಳಿಗೆ ವಾಂತಿಭೇದಿ ತರುವ ಪಾರ್ವೋ ವೈರಸ್ ಬರುವುದು ಈ ಸಂದಿಯಲ್ಲೇ. ರೇಬೀಸ್ ಲಸಿಕೆ ಮೂರು ತಿಂಗಳಿಗೆ.

ಮೂವತ್ತು ನಲವತ್ತು ದಿನಕ್ಕೇ ಮರಿ ಕೊಟ್ಟುಬಿಡುವ ರೂಢಿ ನಮ್ಮಲ್ಲಿ ಆಳವಾಗಿದೆ. ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ ಮರಿ ಲೋಕವನ್ನು ಕಲಿಯುವ ಹೊತ್ತು. ಎಷ್ಟು ಜೋರಾಗಿ ಕಚ್ಚಿದರೆ ಇನ್ನೊಂದಕ್ಕೆ ನೋವಾಗುತ್ತದೆ ಎಂಬುದನ್ನು ಅದು ಒಡಹುಟ್ಟಿದವುಗಳಿಂದ ಕಲಿಯುತ್ತದೆ. ಆ ಪಾಠವನ್ನು ಮನುಷ್ಯರು ಹೇಳಿಕೊಡುವುದು ಬಹಳ ಕಷ್ಟ. ಈ ವಾರಗಳಲ್ಲಿ ಮಿಕ್ಸಿಯ ಸದ್ದು, ಮಕ್ಕಳ ಗಲಾಟೆ, ಸ್ಕೂಟರಿನ ಶಬ್ದ ಇವೆಲ್ಲ ಮೆಲ್ಲಗೆ ಪರಿಚಯವಾಗಬೇಕು.

ಮರಿ ಕೊಡುವಾಗ, ಮರಿ ಕೊಳ್ಳುವಾಗ

ತಾಯಿ ನಾಯಿಯನ್ನು ಮರಿಗಳ ಜೊತೆಯಲ್ಲೇ ನೋಡಿ. ಬಸ್ ನಿಲ್ದಾಣದಲ್ಲಿ, ಕಾರಿನ ಡಿಕ್ಕಿಯಲ್ಲಿ ತಂದುಕೊಡುತ್ತೇನೆ ಎನ್ನುವವರಿಂದ ಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ 2020ರ ಏಪ್ರಿಲ್‌ನಿಂದ ವ್ಯಾಪಾರಿಗಳು ಬೇರೆಡೆ ಹುಟ್ಟಿದ ಆರು ತಿಂಗಳೊಳಗಿನ ಮರಿಯನ್ನು ಮಾರುವುದನ್ನೇ ನಿಷೇಧಿಸಿದ್ದಾರೆ. ತಾಯಿಯನ್ನು ಕಣ್ಣಾರೆ ನೋಡಿ ಕೊಳ್ಳಬೇಕು ಎಂಬುದೇ ಆ ಕಾನೂನಿನ ಉದ್ದೇಶ. ತಂದೆ ತಾಯಿ ಇಬ್ಬರ ವರದಿ ಕೇಳಿ, ವರದಿಯ ಮೇಲಿನ ಮೈಕ್ರೋಚಿಪ್ ಸಂಖ್ಯೆ ಆ ನಾಯಿಯದೇ ಎಂದು ವೈದ್ಯರ ಯಂತ್ರದಿಂದ ಓದಿಸಿ ನೋಡಿ.

ಕೊಡುವವರು ಕೂದಲಿನ ವಿಷಯವನ್ನು ಮುಚ್ಚಿಡಬಾರದು. ಒಂದೇ ಸೂಲಿನಲ್ಲಿ ಒಂದಕ್ಕೆ ನೇರ ಕೂದಲು, ಒಂದಕ್ಕೆ ಗುಂಗುರು. ಗುಂಗುರು ಕೂದಲು ಉದುರುವುದು ಕಡಿಮೆ, ಆದರೆ ದಿನವೂ ಬಾಚದಿದ್ದರೆ ಜಡೆಗಟ್ಟುತ್ತದೆ. ಮಂಗಳೂರಿನಂಥ ಸೆಕೆಯ ಊರಿನಲ್ಲಿ ಆ ಜಡೆಯ ಅಡಿಯಲ್ಲಿ ಹುಣ್ಣಾಗುತ್ತದೆ, ಉಣ್ಣೆ ಹುಳು ಅಡಗುತ್ತದೆ. ಇದನ್ನು ಕೇಳಿದ ಮೇಲೆ ಒಬ್ಬರು ಹಿಂದೆ ಸರಿದರೆ ಮರಿಗೂ ಅವರಿಗೂ ಒಳ್ಳೆಯದೇ ಆಯಿತು. ‘ಸಾಕಲು ಆಗದಿದ್ದರೆ ಯಾವಾಗ ಬೇಕಾದರೂ ನಮಗೇ ಹಿಂದಿರುಗಿಸಿ’ ಎಂದು ಬರೆದುಕೊಡುವಷ್ಟು ಜಾಗ ಮತ್ತು ಮನಸ್ಸು ಇದ್ದವರು ಮಾತ್ರ ಮರಿ ಹಾಕಿಸಲಿ. ಎಂಟು ಮರಿಗಳಲ್ಲಿ ಎರಡು ವಾಪಸು ಬಂದರೆ ಎಲ್ಲಿ ಮಲಗಿಸುತ್ತೀರಿ ಎಂಬುದಕ್ಕೆ ಉತ್ತರ ಮುಂಚೆಯೇ ಇರಬೇಕು.

ಪರೀಕ್ಷೆಯ ಉತ್ತರ ‘ಬೇಡ’ ಎಂದಾದರೆ

‘ಹೆಣ್ಣು ನಾಯಿ ಒಮ್ಮೆಯಾದರೂ ಮರಿ ಹಾಕಿದರೆ ಅದರ ಆರೋಗ್ಯಕ್ಕೆ ಒಳ್ಳೆಯದು’ ಎನ್ನುವ ಮಾತನ್ನು ಹಿರಿಯರಿಂದ ಕೇಳಿರುತ್ತೀರಿ. ಅದಕ್ಕೆ ವೈದ್ಯಕೀಯ ಆಧಾರವಿಲ್ಲ. ಸೊಂಟದ ಎಕ್ಸ್-ರೇ ಕೆಟ್ಟದಾಗಿ ಬಂದ ನಾಯಿಗೆ ಗರ್ಭದ ಭಾರ ಹೊರಿಸುವುದು ಅದಕ್ಕೇ ಕೇಡು.

ಹಾಗೆಂದು ಸುಮ್ಮನೆ ಬಿಟ್ಟರೂ ಆಗದು. ಸಂತಾನಹರಣ ಶಸ್ತ್ರಚಿಕಿತ್ಸೆ ಆಗದ ಹೆಣ್ಣು ನಾಯಿಗಳಲ್ಲಿ, ಬೆದೆ ಮುಗಿದ ಕೆಲವು ವಾರಗಳಲ್ಲಿ ಗರ್ಭಕೋಶದೊಳಗೆ ಕೀವು ತುಂಬುವ ಕಾಯಿಲೆ ಬರಬಹುದು. ವಯಸ್ಸಾದಂತೆ ಸಾಧ್ಯತೆ ಹೆಚ್ಚು. ಊಟ ಬಿಡುವುದು, ವಿಪರೀತ ನೀರು ಕುಡಿಯುವುದು, ಹೊಟ್ಟೆ ಉಬ್ಬುವುದು, ವಾಸನೆಯ ಸ್ರಾವ ಇದರ ಲಕ್ಷಣಗಳು. ಕೆಲವೊಮ್ಮೆ ಸ್ರಾವ ಹೊರಗೆ ಬರುವುದೇ ಇಲ್ಲ, ಅದು ಇನ್ನೂ ಅಪಾಯ. ಮರಿ ಹಾಕಿಸುವುದು ಬೇಡ ಎಂದು ತೀರ್ಮಾನವಾದ ದಿನವೇ ಶಸ್ತ್ರಚಿಕಿತ್ಸೆ ಯಾವ ವಯಸ್ಸಿಗೆ ಎಂದು ವೈದ್ಯರನ್ನು ಕೇಳಿ. ಲ್ಯಾಬ್ರಡಾರ್‌ನಂಥ ದೊಡ್ಡ ನಾಯಿಗಳಿಗೆ ಕೀಲುಗಳು ಪೂರ್ತಿ ಬಲಿಯಲೆಂದು ಒಂದು ವರ್ಷ ದಾಟುವವರೆಗೆ ಕಾಯಲು ಹೇಳುವುದುಂಟು. ಅಲ್ಲಿಯವರೆಗಿನ ಪ್ರತಿ ಬೆದೆಯ ಮೂರು ವಾರವೂ ಅದನ್ನು ಹಗ್ಗವಿಲ್ಲದೆ ಹೊರಗೆ ಬಿಡಬಾರದು, ಕಾಂಪೌಂಡಿನ ಗೇಟನ್ನೂ ಚಿಲಕ ಹಾಕಿಯೇ ಇಡಬೇಕು.